ಬಾಲ್ಕನಿಯ ಆರ್ಕಿಡ್‌ಗೆ ಜೀವಾಮೃತವೋ, ರಾಸಾಯನಿಕ ಗೊಬ್ಬರವೋ? ಮೈಕೋರೈಜಾ ಪುಡಿ ಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೆಂಗಳೂರಿನ ಬಾಲ್ಕನಿಯಲ್ಲಿ ಎರಡು ಫ್ಯಾಲೆನಾಪ್ಸಿಸ್, ಕೆಲವು ಡೆಂಡ್ರೋಬಿಯಂ ಆರ್ಕಿಡ್ ಇಟ್ಟಿದ್ದೀರಿ. ರಾಸಾಯನಿಕ ಗೊಬ್ಬರ ಹಾಕಿದರೆ ಬೇರಿನಲ್ಲಿರುವ ಒಳ್ಳೆಯ ಶಿಲೀಂಧ್ರಗಳು ಸತ್ತುಹೋಗುತ್ತವೆ ಅಂತ ಯಾರೋ ಹೆದರಿಸಿದ್ದಾರೆ. ಹಾಗಾಗಿ ಜೀವಾಮೃತ, ಅಕ್ಕಿ ತೊಳೆದ ನೀರು, ಮೇಲೊಂದಿಷ್ಟು ಮೈಕೋರೈಜಾ ಪುಡಿ (ಬೇರಿನ ಜೊತೆ ಬದುಕುವ ಶಿಲೀಂಧ್ರದ ಪುಡಿ) ಹಾಕಿದರೆ ಸಾಕಾ ಎಂದು ಕೇಳಿದ್ದೀರಿ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ನೀರಿನಲ್ಲಿ ಕರಗುವ ಗೊಬ್ಬರವನ್ನು ತುಂಬಾ ತೆಳ್ಳಗೆ ಮಾಡಿ ಕೊಡಿ. ಜೀವಾಮೃತವನ್ನು ಪಕ್ಕದ ಕುಂಡದ ಕರಿಬೇವಿಗೋ ಗುಲಾಬಿಗೋ ಹಾಕಿ. ಮೈಕೋರೈಜಾ ಪುಡಿಗೆ ದುಡ್ಡು ಹಾಕಬೇಡಿ. ನಾನು ಸಾವಯವದ ವಿರೋಧಿ ಅಂತ ಅಂದುಕೊಳ್ಳಬೇಡಿ. ನಮ್ಮೂರು ಸಾಗರದ ಕಡೆ. ಅಡಿಕೆ ತೋಟಕ್ಕೆ ಈಗಲೂ ಸೊಪ್ಪು, ಸಗಣಿ ಗೊಬ್ಬರವೇ. ಆದರೆ ಆರ್ಕಿಡ್‌ನ ಬೇರು ಉಣ್ಣುವ ರೀತಿಯೇ ಬೇರೆ.

ನೀವು ಸಾಕಿರುವುದೆಲ್ಲ ಮರದ ಮೇಲೆ ಬದುಕುವ ಗಿಡಗಳು. ಮಲೆನಾಡಿನಲ್ಲಿ ಹಲಸಿನ ಕೊಂಬೆಗೆ ಅಂಟಿಕೊಂಡ ಸೀತಾಳೆ ದಂಡೆ ಎಂಬ ಆರ್ಕಿಡ್ಡನ್ನು ನೋಡಿರಬಹುದು. ಅದರ ಬುಡದಲ್ಲಿ ಮಣ್ಣೇ ಇರುವುದಿಲ್ಲ. ಬಂದಳಿಕೆಯ ಹಾಗೆ ಮರದ ರಸವನ್ನೂ ಅದು ಹೀರುವುದಿಲ್ಲ. ಮತ್ತೆ ಊಟ ಎಲ್ಲಿಂದ? ಮಳೆ ಬಂದಾಗ ಎಲೆ ಮೇಲಿನ ಧೂಳು, ಹಕ್ಕಿ ಹಿಕ್ಕೆ, ಎಲೆಗಳಿಂದ ಸೋರಿದ ಲವಣ ಎಲ್ಲ ತೊಳೆದುಕೊಂಡು ಕೊಂಬೆಯ ಮೇಲೆ ಇಳಿಯುತ್ತದಲ್ಲ, ಆ ನೀರಿನಿಂದ. ಮಳೆ ಹಿಡಿದ ಶುರುವಿನಲ್ಲಿ ಇಳಿಯುವ ನೀರಿನಲ್ಲಿ ಲವಣ ಜಾಸ್ತಿ. ಆಮೇಲೆ ಬರುವುದು ಹೆಚ್ಚುಕಡಿಮೆ ಬರೀ ನೀರು.

ಆ ಮೊದಲ ನೀರನ್ನು ಹಿಡಿಯುವುದಕ್ಕೇ ಆರ್ಕಿಡ್ ಬೇರಿನ ಮೇಲೆ ಒಂದು ಪದರ ಇದೆ. ವೆಲಾಮೆನ್ ಅಂತಾರೆ. ಅದು ಸತ್ತ ಕೋಶಗಳ ಪದರ. ಒಣಗಿದಾಗ ಬೆಳ್ಳಗೆ ಬೆಳ್ಳಿಯ ಹಾಗೆ ಕಾಣುತ್ತದೆ, ನೀರು ಬಿದ್ದರೆ ನೋಡನೋಡುತ್ತ ಹಸಿರಾಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಝೋಟ್ಸ್ ಮತ್ತು ಉವೆ ವಿಂಕ್ಲರ್ 2013ರಲ್ಲಿ ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಪ್ರಕಟಿಸಿದರು. ವೆಲಾಮೆನ್ ಕೆಲವೇ ಕ್ಷಣಗಳಲ್ಲಿ ನೀರು ಹೀರಿ ತುಂಬಿಕೊಳ್ಳುತ್ತದೆ. ವಿದ್ಯುದಂಶ ಇರುವ ಲವಣಗಳನ್ನು, ಅಂದರೆ ಅಯಾನುಗಳನ್ನು, ಹಿಡಿದಿಟ್ಟುಕೊಳ್ಳುತ್ತದೆ. ವಿದ್ಯುದಂಶ ಇಲ್ಲದ ವಸ್ತುಗಳು ಮುಂದಿನ ನೀರಿನ ಜೊತೆ ತೊಳೆದುಹೋಗುತ್ತವೆ. ನೈಟ್ರೇಟ್, ಅಮೋನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಇವೆಲ್ಲ ಅಯಾನುಗಳು. ಯೂರಿಯಾ ಅಲ್ಲ. ಹಿಂಡಿಯಲ್ಲಿರುವ ಪ್ರೋಟೀನಿನ ಕಥೆಯಂತೂ ಇನ್ನೂ ದೂರದ ಮಾತು.

ಅಂದರೆ ಕಾಡಿನಲ್ಲೂ ಈ ಗಿಡ ಕುಡಿಯುವುದು ಕರಗಿದ ಲವಣದ ತೆಳ್ಳನೆಯ ನೀರನ್ನೇ. ಗೊಬ್ಬರದ ಚೀಲದಿಂದ ಬಂದ ನೈಟ್ರೇಟ್‌ಗೂ ಹಕ್ಕಿ ಹಿಕ್ಕೆ ಕೊಳೆತು ಬಂದ ನೈಟ್ರೇಟ್‌ಗೂ ಬೇರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಜವಾದ ಪ್ರಶ್ನೆ ಎರಡೇ: ಎಷ್ಟು ತೆಳ್ಳಗಿದೆ, ಮತ್ತು ಅದನ್ನು ಲವಣವಾಗಿ ಒಡೆದುಕೊಡುವವರು ಯಾರು?

ಈ ಎರಡನೆಯ ಪ್ರಶ್ನೆಯಲ್ಲೇ ಬಾಲ್ಕನಿಯ ಸಾವಯವ ಸೋಲುವುದು. ಸಗಣಿ, ಹಿಂಡಿ, ಮೀನಿನ ಗೊಬ್ಬರ ಇವುಗಳಲ್ಲಿರುವ ಬಹುಪಾಲು ಸಾರಜನಕವನ್ನು ಸೂಕ್ಷ್ಮಜೀವಿಗಳು ಒಡೆದು ಮೊದಲು ಅಮೋನಿಯಂ ಮಾಡಬೇಕು, ಆಮೇಲೆ ನೈಟ್ರೇಟ್. ತೋಟದ ಮಣ್ಣಿನಲ್ಲಿ ಈ ಕೆಲಸ ಹಗಲು ರಾತ್ರಿ ನಡೆಯುತ್ತದೆ. ಆರ್ಕಿಡ್ ಕುಂಡದಲ್ಲಿ ಸಾಮಾನ್ಯವಾಗಿ ಇರುವುದು ಇದ್ದಿಲು, ಇಟ್ಟಿಗೆ ಚೂರು, ಒಂದಿಷ್ಟು ತೆಂಗಿನ ಸಿಪ್ಪೆ. ಬೆಳಿಗ್ಗೆ ನೀರು ಹಾಕಿದರೆ ಸಂಜೆಗೆ ಒಣಗಿರುತ್ತದೆ, ಒಣಗಲೇಬೇಕು. ಅಲ್ಲಿ ಆ ಜೀವಿಗಳು ನಿಂತು ಕೆಲಸ ಮಾಡುವುದಕ್ಕೆ ಜಾಗವೂ ಇಲ್ಲ, ತೇವವೂ ಇಲ್ಲ.

ಜೀವಾಮೃತದ ವಿಷಯಕ್ಕೆ ಬರೋಣ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಬೇಳೆ ಹಿಟ್ಟು, ಒಂದು ಹಿಡಿ ಮಣ್ಣು. ಇದು ಗೊಬ್ಬರ ಅಲ್ಲ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಹೆಚ್ಚಿಸುವ ಹೆಪ್ಪು ಎಂದು ಅದನ್ನು ಹೇಳಿಕೊಡುವವರೇ ಹೇಳುತ್ತಾರೆ. ಹಾಗಾದರೆ ಮಣ್ಣೇ ಇಲ್ಲದ ಕುಂಡದಲ್ಲಿ ಆ ಹೆಪ್ಪಿಗೆ ಏನು ಕೆಲಸ? ಬೆಲ್ಲ ಮತ್ತು ಹಿಟ್ಟು ಇದ್ದಿಲಿನ ಮೇಲೆ ಲೋಳೆಯಾಗಿ ಕೂರುತ್ತವೆ. ಸಣ್ಣ ಕಪ್ಪು ನೊಣಗಳು ಏಳುತ್ತವೆ. ತೊಗಟೆ, ಸಿಪ್ಪೆ ಬೇಗ ಕೊಳೆತು ಪುಡಿಯಾಗಿ ಗಾಳಿಯಾಡುವ ಸಂದುಗಳು ಮುಚ್ಚಿಹೋಗುತ್ತವೆ. ಆರ್ಕಿಡ್ ಬೇರಿಗೆ ಹಸಿವಿಗಿಂತ ಉಸಿರುಕಟ್ಟುವುದೇ ದೊಡ್ಡ ಸಾವು. ಅಕ್ಕಿ ತೊಳೆದ ನೀರಿಗೂ ಇದೇ ಮಾತು. ಅದರಲ್ಲಿರುವುದು ಮುಖ್ಯವಾಗಿ ಗಂಜಿ. ಜುಲೈನ ಜಿಟಿಜಿಟಿ ಮಳೆಯಲ್ಲಂತೂ ಇವೆರಡೂ ಬೇಡವೇ ಬೇಡ.

ಕೇರಳದವರು ಸಗಣಿ ನೀರು ಹಾಕಿ ಚೆನ್ನಾಗಿ ಬೆಳೆಯುತ್ತಾರಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಬೆಳೆಯುತ್ತಾರೆ. ಆದರೆ ಅವರು ಮಾಡುವುದನ್ನು ಸರಿಯಾಗಿ ನೋಡಿ. ಸಗಣಿಯನ್ನು ನೀರಿನಲ್ಲಿ ಕದಡಿ, ಕೆಲವು ದಿನ ಬಿಟ್ಟು, ಮೇಲೆ ನಿಂತ ತಿಳಿ ನೀರನ್ನು ಬಸಿದು, ಅದಕ್ಕೆ ಮತ್ತಷ್ಟು ನೀರು ಸೇರಿಸಿ ಹಾಕುತ್ತಾರೆ. ಆ ತಿಳಿಯಲ್ಲಿ ಆಗಲೇ ಕರಗಿದ ಲವಣವಿದೆ. ಒಡೆಯುವ ಕೆಲಸ ಬಕೆಟ್‌ನಲ್ಲೇ ಮುಗಿದಿದೆ. ಹೀಗೆ ಮಾಡುವ ತಾಳ್ಮೆ, ಜಾಗ, ಮೂಗು ಮುಚ್ಚಿಕೊಳ್ಳುವ ಅಕ್ಕಪಕ್ಕದ ಮನೆಯವರು ನಿಮಗಿದ್ದರೆ ಖಂಡಿತ ಮಾಡಿ. ಎಷ್ಟು ಸಾರಜನಕ ಹೋಗುತ್ತಿದೆ ಅನ್ನುವ ಲೆಕ್ಕ ಮಾತ್ರ ಸಿಗುವುದಿಲ್ಲ.

ಎಲ್ಲ ಆರ್ಕಿಡ್‌ಗೂ ಈ ಮಾತು ಒಪ್ಪುವುದಿಲ್ಲ. ಸಿಕ್ಕಿಂ ನೋಡಿ. ಅಲ್ಲಿ ಸಿಂಬಿಡಿಯಂ ಎಂಬ ಆರ್ಕಿಡ್ ದೊಡ್ಡ ಬೆಳೆ, ಕೇಂದ್ರ ಸರ್ಕಾರದ ಆರ್ಕಿಡ್ ಸಂಶೋಧನಾ ಕೇಂದ್ರವೂ 1996ರಿಂದ ಅಲ್ಲಿನ ಪಾಕ್ಯೋಂಗ್‌ನಲ್ಲೇ ಇದೆ. ಆ ರಾಜ್ಯ 2016ರ ಜನವರಿಯಲ್ಲಿ ಪೂರ್ತಿ ಸಾವಯವ ಎಂದು ಘೋಷಣೆಯಾಯಿತು. ರಾಸಾಯನಿಕ ಗೊಬ್ಬರಕ್ಕೆ ಅಲ್ಲಿ ಅವಕಾಶ ಇಲ್ಲ. ಆದರೂ ಸಿಂಬಿಡಿಯಂ ನಡೆಯುತ್ತದೆ. ಯಾಕೆಂದರೆ ಬಹಳಷ್ಟು ಸಿಂಬಿಡಿಯಂಗಳ ದಪ್ಪ ಬೇರುಗಳು ಕೊಳೆತ ಎಲೆ, ಪಾಚಿ, ಕಸದಲ್ಲಿ ಓಡಾಡುವಂಥವು. ಎಲೆಗೊಬ್ಬರ ಅವಕ್ಕೆ ಹೊಸದಲ್ಲ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ವೆನಿಲಾ. ಅದೂ ಆರ್ಕಿಡ್ಡೇ ಅಲ್ವಾ. 2003ರ ಸುಮಾರಿಗೆ ಬೆಲೆ ಆಕಾಶಕ್ಕೇರಿದಾಗ ಮಲೆನಾಡು, ಕರಾವಳಿ, ಕೊಡಗಿನಲ್ಲಿ ನೆಡದವರೇ ಇಲ್ಲ ಅನ್ನುವ ಹಾಗಾಗಿತ್ತು. ಆಮೇಲೆ ಒಂದೆರಡು ವರ್ಷದಲ್ಲೇ ಬೆಲೆ ನೆಲಕಚ್ಚಿದ್ದು ಬೇರೆ ದುಃಖ. ಗ್ಲಿರಿಸಿಡಿಯಾ ಗಿಡಕ್ಕೆ ಬಳ್ಳಿ ಹಬ್ಬಿಸಿ, ಬುಡಕ್ಕೆ ದರಗು, ಸೊಪ್ಪು, ಕೊಳೆತ ಗೊಬ್ಬರ ಹಾಕುತ್ತಿದ್ದೆವು. ವೆನಿಲಾದ ಬೇರು ಮಣ್ಣಿನ ಆಳಕ್ಕೆ ಇಳಿಯುವುದಿಲ್ಲ, ಆ ಕೊಳೆಯುವ ಹೊದಿಕೆಯೊಳಗೇ ಹರಡುತ್ತದೆ. ಅದಕ್ಕೆ ಸಾವಯವವೇ ಸರಿ. ನಾನು ಈಗಲೂ ವೆನಿಲಾಗೆ, ನೆಲದ ಆರ್ಕಿಡ್‌ಗಳಿಗೆ ಎಲೆಗೊಬ್ಬರವನ್ನೇ ಹಾಕುತ್ತೇನೆ. ಫ್ಯಾಲೆನಾಪ್ಸಿಸ್‌ಗೆ ಹಾಕುವುದಿಲ್ಲ. ಇದರಲ್ಲಿ ಸಿದ್ಧಾಂತ ಏನೂ ಇಲ್ಲ, ಬೇರು ಎಲ್ಲಿದೆ ಅನ್ನುವುದಷ್ಟೇ.

ಇನ್ನು ಶಿಲೀಂಧ್ರ. ಆರ್ಕಿಡ್‌ಗೂ ಶಿಲೀಂಧ್ರಕ್ಕೂ ನಂಟಿದೆ ಎಂದು ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದಾರೆ.

ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ. ಧೂಳಿನಷ್ಟು ಸಣ್ಣವು. ಅಷ್ಟು ಸಣ್ಣ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇಲ್ಲ. ಕಾಡಿನಲ್ಲಿ ಸರಿಯಾದ ಶಿಲೀಂಧ್ರ ಒಳಹೊಕ್ಕು ಆಹಾರ ಕೊಟ್ಟರೆ ಮಾತ್ರ ಅದು ಮೊಳೆಯುತ್ತದೆ. ಶಿಲೀಂಧ್ರದ ಎಳೆಗಳು ಕೋಶದೊಳಗೆ ಸುರುಳಿ ಸುತ್ತಿಕೊಳ್ಳುತ್ತವೆ, ಗಿಡ ಆ ಸುರುಳಿಗಳನ್ನು ಕ್ರಮೇಣ ಅರಗಿಸಿಕೊಳ್ಳುತ್ತದೆ. ಇದನ್ನು ಮೊದಲು ಬಿಡಿಸಿ ಹೇಳಿದವರು ಫ್ರಾನ್ಸಿನ ನೊಯೆಲ್ ಬರ್ನಾರ್. 1899ರಲ್ಲಿ ಫಾಂಟೆನ್‌ಬ್ಲೋ ಕಾಡಿನಲ್ಲಿ ಎಲೆಯ ಕಸದಡಿ ಮೊಳೆಯುತ್ತಿದ್ದ ನಿಯೋಟಿಯಾ ಎಂಬ ಆರ್ಕಿಡ್‌ನ ಸಸಿಗಳೊಳಗೆ ಶಿಲೀಂಧ್ರ ಇರುವುದನ್ನು ಕಂಡರು. ಅದಕ್ಕೂ ಮೊದಲು ಯುರೋಪಿನ ಬೆಳೆಗಾರರು ತಾಯಿ ಗಿಡದ ಬುಡದಲ್ಲೇ ಬೀಜ ಚೆಲ್ಲುತ್ತಿದ್ದರು. ಅಲ್ಲಿ ಮಾತ್ರ ಯಾಕೆ ಒಂದಿಷ್ಟು ಮೊಳೆಯುತ್ತವೆ ಅನ್ನುವುದು ಗೊತ್ತಿರಲಿಲ್ಲ.

ಆಮೇಲೆ 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ಆಟವನ್ನೇ ಬದಲಾಯಿಸಿಬಿಟ್ಟರು. ಶಿಲೀಂಧ್ರ ಕೊಡುವುದು ಸಕ್ಕರೆಯಂಥ ಆಹಾರವನ್ನೇ ಆದರೆ ನಾವೇ ಯಾಕೆ ಸಕ್ಕರೆ ಕೊಡಬಾರದು ಎಂದು, ಅಗರ್ ಜೆಲ್ಲಿಗೆ ಸಕ್ಕರೆ, ಲವಣ ಬೆರೆಸಿ ಬೀಜ ಬಿತ್ತಿದರು. ಶಿಲೀಂಧ್ರವೇ ಇಲ್ಲದೆ ಮೊಳೆತವು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಸಿಂಬಿಡಿಯಂನ ಕುಡಿಯಿಂದಲೇ ಅಂಗಾಂಶ ಕೃಷಿ ಮಾಡಿ ತೋರಿಸಿದರು. ಇವತ್ತು ನರ್ಸರಿಯಲ್ಲಿ ಸಿಗುವ ಹೈಬ್ರಿಡ್ ಫ್ಯಾಲೆನಾಪ್ಸಿಸ್ ಹೆಚ್ಚುಕಡಿಮೆ ಎಲ್ಲವೂ ಇಂಥ ಬಾಟಲಿಯಲ್ಲಿ ಹುಟ್ಟಿದ್ದು. ಕ್ರಿಮಿಶುದ್ಧ ಮಾಡಿದ ಬಾಟಲಿ. ನಿಮ್ಮ ಗಿಡ ಹುಟ್ಟಿದ್ದು ಯಾವ ಶಿಲೀಂಧ್ರದ ನೆರವೂ ಇಲ್ಲದೆ. ಬೆಳೆದದ್ದು ಕರಗಿದ ಗೊಬ್ಬರ ಕುಡಿದು. ಈಗ ಅದಕ್ಕೆ ಹಸಿರು ಎಲೆ ಇದೆ, ತನ್ನ ಸಕ್ಕರೆಯನ್ನು ತಾನೇ ಮಾಡಿಕೊಳ್ಳುತ್ತದೆ. ಗೊಬ್ಬರ ಹಾಕಿ ಕೊಲ್ಲುವುದಕ್ಕೆ ಅಲ್ಲಿ ಬಹುಶಃ ಅಂಥ ಶಿಲೀಂಧ್ರವೇ ಇಲ್ಲ!

ಮರದ ಮೇಲಿನ ಕಾಡು ಆರ್ಕಿಡ್‌ಗಳಲ್ಲೂ ಶಿಲೀಂಧ್ರ ಹೆಚ್ಚಾಗಿ ಕಾಣುವುದು ತೊಗಟೆಗೆ ಅಂಟಿಕೊಂಡ ಬೇರಿನ ಭಾಗದಲ್ಲಿ. ಗಾಳಿಯಲ್ಲಿ ತೂಗಾಡುವ ಬೇರಿನಲ್ಲಿ ಕಡಿಮೆ, ಎಷ್ಟೋ ಸಲ ಇರುವುದೇ ಇಲ್ಲ. ನೆಲದ ಆರ್ಕಿಡ್‌ಗಳಲ್ಲಿ ನಂಟು ಗಟ್ಟಿ. ಘಟ್ಟದಲ್ಲಿ ಮಳೆಗಾಲಕ್ಕೆ ಏಳುವ ಹಬೆನೇರಿಯಾಗಳನ್ನು ಕಿತ್ತು ತಂದು ಕುಂಡದಲ್ಲಿ ನೆಟ್ಟವರಿಗೆ ಮರುವರ್ಷ ಗಿಡ ಕಾಣದಿರುವುದಕ್ಕೆ ಇದೂ ಒಂದು ಕಾರಣ. ದಯವಿಟ್ಟು ಕೀಳಬೇಡಿ. ಇನ್ನು ಎಪಿಪೋಜಿಯಂ ಅಂತ ಒಂದಿದೆ, ಪಶ್ಚಿಮ ಘಟ್ಟದಲ್ಲೂ ಸಿಗುತ್ತದೆ. ಹಸಿರೇ ಇಲ್ಲ, ಎಲೆಯೂ ಇಲ್ಲ. ಮಳೆಗಾಲದಲ್ಲಿ ಬಿಳಿಚಿಕೊಂಡ ಹೂದಂಡೊಂದು ದರಗಿನಿಂದ ಎದ್ದು, ಕೆಲವೇ ದಿನದಲ್ಲಿ ಕಾಯಾಗಿ, ಮಾಯವಾಗುತ್ತದೆ. ಬದುಕಿಡೀ ಶಿಲೀಂಧ್ರದ ಮನೆಯಲ್ಲೇ ಊಟ. ಅಂಥದ್ದಕ್ಕೆ ಗೊಬ್ಬರದ ಪ್ರಶ್ನೆಯೇ ಬರುವುದಿಲ್ಲ, ಕುಂಡದ ಪ್ರಶ್ನೆಯೂ ಬರುವುದಿಲ್ಲ.

ಈಗ ಅಂಗಡಿಯ ಪುಡಿ. ಪೊಟ್ಟಣದ ಹಿಂದೆ ಓದಿ. ಗ್ಲೋಮಸ್ ಅಥವಾ ರೈಜೋಫೇಗಸ್ ಅಂತ ಬರೆದಿರುತ್ತದೆ. ಇದು ವಿಎಎಂ ಎಂದು ಕರೆಯುವ ಗುಂಪು. ಅಡಿಕೆ, ಕಾಫಿ, ಮೆಣಸು, ಟೊಮೆಟೊ ಹೀಗೆ ಭೂಮಿಯ ಮೇಲಿನ ಬಹುಪಾಲು ಗಿಡಗಳ ಬೇರಿಗೆ ಇದು ಹೊಂದುತ್ತದೆ. ಮೆಣಸಿನ ನರ್ಸರಿಯಲ್ಲಿ ಬಳಸಿದರೆ ಅರ್ಥವಿದೆ. ಆದರೆ ಆರ್ಕಿಡ್‌ನ ಜೊತೆಗಾರರೇ ಬೇರೆ: ಟುಲಾಸ್ನೆಲ್ಲಾ, ಸೆರಟೊಬೆಸಿಡಿಯಂ, ಸೆರೆಂಡಿಪಿಟಾ. ಹಿಂದೆ ಇವನ್ನೆಲ್ಲ ಒಟ್ಟಾಗಿ ರೈಜೋಕ್ಟೋನಿಯಾ ಅನ್ನುತ್ತಿದ್ದರು. ಹೌದು, ಭತ್ತದ ಎಲೆಕವಚಕ್ಕೆ ರೋಗ ತರುವ ರೈಜೋಕ್ಟೋನಿಯಾದ ನೆಂಟರೇ. ಒಂದು ಗಿಡಕ್ಕೆ ರೋಗ, ಇನ್ನೊಂದಕ್ಕೆ ದಾದಿ.

ಪೊಟ್ಟಣದಲ್ಲಿ ಟ್ರೈಕೋಡರ್ಮಾ ಕೂಡ ಸೇರಿಸಿರುತ್ತಾರೆ. ಒಳ್ಳೆಯ ಶಿಲೀಂಧ್ರವೇ. ಆದರೆ ಅದಕ್ಕೆ ಹೆಸರು ಬಂದಿರುವುದೇ ರೈಜೋಕ್ಟೋನಿಯಾದಂಥ ಶಿಲೀಂಧ್ರಗಳನ್ನು ಸುತ್ತಿಕೊಂಡು ತಿನ್ನುವುದಕ್ಕೆ. ಆರ್ಕಿಡ್‌ನ ಗೆಳೆಯ ಶಿಲೀಂಧ್ರ ಬೆಳೆಯಲಿ ಅಂತ ಟ್ರೈಕೋಡರ್ಮಾ ಸುರಿಯುವುದು ಇಲಿ ಸಾಕುತ್ತೇನೆ ಅಂತ ಬೆಕ್ಕು ತಂದ ಹಾಗೆ. ಜೊತೆಗೆ ಅದು ನಾರು ಕರಗಿಸುವುದರಲ್ಲಿ ಗಟ್ಟಿಗ, ತೊಗಟೆ ಮತ್ತು ಸಿಪ್ಪೆಯನ್ನೂ ಬಿಡುವುದಿಲ್ಲ. ಬೇರು ಕೊಳೆತಾಗ ಕೊಳೆತದ್ದನ್ನು ಕತ್ತರಿಸಿ, ಹೊಸ ಇದ್ದಿಲಿಗೆ ಬದಲಾಯಿಸುವುದೇ ನನಗೆ ಮೇಲು ಅನಿಸುತ್ತದೆ.

ಈಗ ಮಾಡಬೇಕಾದ್ದು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರ್ಕಿಡ್‌ಗೆಂದು ರೂಪಿಸಿದ ಒಂದು ಗೊಬ್ಬರ ಜಗತ್ತಿನಾದ್ಯಂತ ಹೆಸರಾಗಿದೆ. ಮಳೆನೀರು ಅಥವಾ ಆರ್‌ಒ ನೀರು ಬಳಸುವವರಿಗೆ ಅದರ ಅಳತೆ 13-3-15 (ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ನ ಶೇಕಡಾ ಪಾಲು), ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ರಂಜಕ ಬರೀ 3 ಅನ್ನುವುದನ್ನು ಗಮನಿಸಿ. ನಮ್ಮ ಗೊಬ್ಬರದಂಗಡಿಯಲ್ಲಿ ಸುಲಭವಾಗಿ ಸಿಗುವುದು 19:19:19. ಅದರಲ್ಲಿ ರಂಜಕ ಬೇಕಾದ್ದಕ್ಕಿಂತ ಜಾಸ್ತಿ, ಕ್ಯಾಲ್ಸಿಯಂ ಇಲ್ಲ, ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ ರೂಪದ್ದು. ಆದರೂ ಕೆಲಸ ನಡೆಯುತ್ತದೆ. ನಾನು ಒಂದು ವಾರ 19:19:19, ಮುಂದಿನ ವಾರ ಕ್ಯಾಲ್ಸಿಯಂ ನೈಟ್ರೇಟ್ ಹೀಗೆ ಬದಲಾಯಿಸಿ ಕೊಡುತ್ತೇನೆ. ಎರಡಕ್ಕೂ ಅಳತೆ ಒಂದೇ, ಲೀಟರಿಗೆ ಅರ್ಧ ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 5 ಗ್ರಾಂ ತೂಗಿ 10 ಲೀಟರ್ ಬಕೆಟ್‌ಗೆ ಹಾಕಿದರಾಯಿತು. 19:19:19 ಆದರೆ ಲೀಟರಿಗೆ 95 ಮಿಲಿಗ್ರಾಂ ಸಾರಜನಕ ಬಂತು. ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಕಲಸಿಡಬೇಡಿ. ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಸುಣ್ಣದ ಹಾಗೆ ತಳಕ್ಕೆ ಕೂರುತ್ತವೆ. ಎಪ್ಸಮ್ ಸಾಲ್ಟನ್ನೂ (ಮೆಗ್ನೀಸಿಯಂ ಸಲ್ಫೇಟ್) ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಬೆರೆಸುವಂತಿಲ್ಲ.

ಮಧ್ಯದ ದಿನಗಳಲ್ಲಿ ಬರೀ ನೀರು. ತಿಂಗಳಿಗೊಮ್ಮೆ ಕುಂಡದಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ ತೊಳೆಯಿರಿ. ರಾಸಾಯನಿಕ ಗೊಬ್ಬರದಿಂದ ಆರ್ಕಿಡ್ ಸತ್ತಿತು ಅನ್ನುವ ಕಥೆಗಳಲ್ಲಿ ಹೆಚ್ಚಿನವು ಹೀಗೆ ಕೂಡಿಕೊಂಡ ಉಪ್ಪಿನ ಕಥೆಗಳು. ಬೇರಿನ ತುದಿ ಕಪ್ಪಾಗುತ್ತದೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ.

ಬೆಂಗಳೂರಿನಲ್ಲಿ ಆ ಬಿಳಿ ಪುಡಿ ಗೊಬ್ಬರದ್ದಕ್ಕಿಂತ ಬೋರ್‌ವೆಲ್ ನೀರಿನದ್ದೇ ಹೆಚ್ಚು. ನೀವು ಗೊಬ್ಬರದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೀರಿ, ನೀರಿನ ಬಗ್ಗೆ ಒಂದು ಮಾತೂ ಬರೆದಿಲ್ಲ. ಗಡಸು ನೀರು ದಿನವೂ ಬಿದ್ದರೆ ಯಾವ ಗೊಬ್ಬರವೂ ಸರಿಯಾಗಿ ದಕ್ಕುವುದಿಲ್ಲ. ಕಬ್ಬಿಣದಂಥ ಅಂಶಗಳು ಬೇರಿಗೆ ಸಿಗದೆ ಹೊಸ ಎಲೆ ಹಳದಿಯಾಗುತ್ತದೆ. ಮಳೆನೀರು ಹಿಡಿದಿಡಿ. ಆಗದಿದ್ದರೆ ಆರ್‌ಒ ನೀರನ್ನು ಬೋರ್ ನೀರಿಗೆ ಬೆರೆಸಿ. ತೆಂಗಿನ ಸಿಪ್ಪೆಯ ತುಂಡು ಬಳಸುವುದಾದರೆ ಮೊದಲು ಚೆನ್ನಾಗಿ ತೊಳೆದು ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ತೊಳೆಯಿರಿ. ಸಿಪ್ಪೆಯಲ್ಲಿ ಕೂತಿರುವ ಸೋಡಿಯಂ, ಪೊಟ್ಯಾಸಿಯಂ ಬಿಟ್ಟುಕೊಳ್ಳುತ್ತವೆ.

ಹೂ ಬರಲಿ ಅಂತ 0:52:34 ಹಾಕಲು ನಿಮಗೆ ಯಾರಾದರೂ ಖಂಡಿತ ಹೇಳುತ್ತಾರೆ. ಹಾಕಬೇಡಿ. ಫ್ಯಾಲೆನಾಪ್ಸಿಸ್ ಹೂದಂಡು ಬಿಡುವುದು ತಂಪಿಗೆ, ರಂಜಕಕ್ಕಲ್ಲ. ಬೆಂಗಳೂರಿನ ನವೆಂಬರ್, ಡಿಸೆಂಬರ್ ರಾತ್ರಿಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮಂಗಳೂರು, ಉಡುಪಿ ಕಡೆ ಎಲೆ ಚೆನ್ನಾಗಿ ಬೆಳೆದರೂ ಹೂ ಬರುವುದು ಕಷ್ಟ, ಅಲ್ಲಿ ಯಾವ ಗೊಬ್ಬರವೂ ಆ ತಂಪನ್ನು ತರಲಾರದು. ಟೆಕ್ಸಾಸ್‌ನಲ್ಲಿ ಯಿನ್-ತುಂಗ್ ವಾಂಗ್ 1990ರ ದಶಕದಲ್ಲಿ ಫ್ಯಾಲೆನಾಪ್ಸಿಸ್ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಲೀಟರಿಗೆ 1 ಗ್ರಾಂವರೆಗೆ ಗೊಬ್ಬರ ಏರಿಸಿದಾಗ ಎಲೆಯೂ ಹೆಚ್ಚಾಯಿತು, ಹೂವೂ ಹೆಚ್ಚಾಯಿತು. ಸಾಧಾರಣ ಗೊಬ್ಬರದಲ್ಲೇ. ನಾನು ಅರ್ಧ ಗ್ರಾಂಗೆ ನಿಲ್ಲಿಸಿರುವುದು ನಮ್ಮ ನೀರಿನಲ್ಲಿ ಆಗಲೇ ಉಪ್ಪು ಇರುವುದರಿಂದ. ಡೆಂಡ್ರೋಬಿಯಂಗಳಲ್ಲಿ ಚಳಿಗಾಲಕ್ಕೆ ಎಲೆ ಉದುರಿಸುವ ಜಾತಿ ನಿಮ್ಮ ಹತ್ತಿರ ಇದ್ದರೆ, ಎಲೆ ಉದುರಲು ಶುರುವಾದ ಮೇಲೆ ಗೊಬ್ಬರ ಪೂರ್ತಿ ನಿಲ್ಲಿಸಿ, ನೀರೂ ಕಡಿಮೆ ಮಾಡಿ. ಸಾರಜನಕ ಕೊಡುತ್ತ ಹೋದರೆ ಮೊಗ್ಗಿನ ಜಾಗದಲ್ಲಿ ಮರಿಗಿಡ ಏಳುತ್ತದೆ.

ನಿಮ್ಮ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಪ್ರಮಾಣ, ಎಷ್ಟು, ಕುಂಡದಲ್ಲಿ ಏನು ತುಂಬಿದ್ದೀರಿ ಅನ್ನುವುದನ್ನು ಬರೆಯಿರಿ. ಅರ್ಧ ಗ್ರಾಂ ಸರಿಯೋ, ಅದಕ್ಕಿಂತ ಕಡಿಮೆ ಬೇಕೋ ಹೇಳುತ್ತೇನೆ.